ಭದ್ರಾವತಿಯ ಶೆಡ್ಡಿನಲ್ಲಿ ಮ್ಯೂಆನ್ ಎಣಿಸಿದ್ದು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಶಿವಮೊಗ್ಗದಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆಕಾಶದಿಂದ ಬೀಳುವ ವಿಶ್ವಕಿರಣಗಳ ಹುಚ್ಚು ಹಿಡಿದಿತ್ತು. ಈಗ ಮ್ಯೂಆನ್ ಎನ್ನುವ ಕಣವನ್ನು ಆಗ ಮೀಸೊಟ್ರಾನ್ ಎನ್ನುತ್ತಿದ್ದರು. ಅದರ ಸಂವೇಗ ತಿಳಿಯಲು ನನಗಿದ್ದ ದಾರಿ ಒಂದೇ: ಎಷ್ಟು ದಪ್ಪದ ಕಬ್ಬಿಣವನ್ನು ತೂರಿ ಹೋಗುತ್ತದೆಂದು ನೋಡುವುದು. ಕಬ್ಬಿಣವಿದ್ದದ್ದು ಭದ್ರಾವತಿಯ ಕಾರ್ಖಾನೆಯಲ್ಲಿ. ಬೇಸಿಗೆ ರಜೆಯಲ್ಲಿ, ಪರಿಚಯದ ತಮಿಳು ಮೇಸ್ತ್ರಿಯೊಬ್ಬರು ಖಾಲಿ ಶೆಡ್ಡೊಂದನ್ನೂ ಕಬ್ಬಿಣದ ಹಲಗೆಗಳನ್ನೂ ಕೊಡಿಸಿದರು. ನಾನೇ ಮಾಡಿದ್ದ, ಕಣ ಹಾಯ್ದರೆ ವಿದ್ಯುತ್ತು ಮಿಡಿಯುವ ಮೂರು ಗಾಜಿನ ನಳಿಗೆಗಳನ್ನು ಹತ್ತಿಯಲ್ಲಿ ಸುತ್ತಿ, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದವಳು ನನ್ನ ಹೆಂಡತಿ.

ಎರಡು ನಳಿಗೆ ಮೇಲೆ, ಒಂದು ಕೆಳಗೆ, ನಡುವೆ ಕಬ್ಬಿಣ. ಮೂರನ್ನೂ ಹಾಯ್ದ ಕಣಕ್ಕೆ, ಅವಕ್ಕೆ ತಂತಿ ಜೋಡಿಸಿದ್ದ ಪೆಟ್ಟಿಗೆ ಟಿಕ್ ಎನ್ನುತ್ತಿತ್ತು. ಟಿಕ್ಕಿಗೊಂದರಂತೆ ಅವಳು ಪುಸ್ತಕದಲ್ಲಿ ಗೀಟು ಎಳೆಯುತ್ತಿದ್ದಳು. ನಾನು ದಿನವೂ ಒಂದಿಷ್ಟು ಹಲಗೆ ಏರಿಸುತ್ತಿದ್ದೆ.

ಎರಡನೆಯ ವಾರ ಅವಳೆಂದಳು: "ರೀ, ಕಬ್ಬಿಣ ಇಷ್ಟು ಏರಿಸಿದ್ರೂ ಗೀಟು ಕಡಿಮೆ ಆಗ್ತಾನೇ ಇಲ್ವಲ್ಲ. ಯಾವ್ದೋ ನಳಿಗೆ ಕೆಟ್ಟಿರ್ಬೇಕು."

"ನೀನು ಕೇಳಿದ್ದನ್ನ ಬರಿ ಮಾರಾಯ್ತಿ. ಯೋಚ್ನೆ ನಾನು ಮಾಡ್ತೀನಿ."

ಅವಳು ಮುಂದಿನ ಗೀಟು ಎಳೆದಳು.

ಅಷ್ಟರಲ್ಲಿ ಅವಳಿಗೆ ಮಲೇರಿಯಾ ಬಂತು. ಆ ಊರಲ್ಲಿ ಅದು ಮನೆಮನೆಗೂ ಇತ್ತು. "ಊರಿಗೆ ಹೋಗೋಣ್ವಾ?" ಎಂದು ಒಮ್ಮೆ ಮಾತ್ರ ಕೇಳಿದಳು.

"ನಾಲ್ಕೇ ದಿನ ತಡ್ಕೋ," ಎಂದೆ.

ಕಂಬಳಿ ಹೊದ್ದು ಗಡಗಡ ನಡುಗುತ್ತಲೇ ಗೀಟು ಎಳೆದಳು. ಮೂರನೆಯ ದಿನ ಮೇಸ್ತ್ರಿ ಬಂದವರು ಅವಳನ್ನು ನೋಡಿ, "ಎನ್ನಾ ಸಾರ್ ಇದು? ಮೊದ್ಲು ಅಮ್ಮಾವ್ರನ್ನ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿ," ಎಂದು ಬೈದರು. ಅಂದೇ ಶಿವಮೊಗ್ಗಕ್ಕೆ ಕರೆತಂದೆ. ಯುದ್ಧದಿಂದಾಗಿ ಕ್ವಿನೈನ್ ಎಲ್ಲೂ ಇರಲಿಲ್ಲ. ಅಂಗಡಿ ಅಂಗಡಿ ಅಲೆದೆ. ಬಂದ ಆರನೆಯ ದಿನ ಅವಳು ತೀರಿಹೋದಳು.

ತಿಂಗಳಾದ ಮೇಲೆ ಸಾಮಾನು ತರಲು ಶೆಡ್ಡಿಗೆ ಹೋದೆ. ಕೆಳಗಿನ ನಳಿಗೆಯೊಂದನ್ನೇ ಜೋಡಿಸಿ ನೋಡಿದೆ. ಅದರ ತುದಿಯಲ್ಲಿ ಕಾರ್ಖಾನೆಯ ಮಸಿ ಕೂತು ವಿದ್ಯುತ್ತು ಸೋರುತ್ತಿತ್ತು. ಕಣ ಬರಲಿ ಬಿಡಲಿ, ಅದು ತನ್ನಷ್ಟಕ್ಕೆ ಒದರುತ್ತಿತ್ತು. ಹಾಗಾಗಿ ಕಬ್ಬಿಣದಲ್ಲೇ ನಿಂತುಹೋದ ಕಣಗಳೂ ತೂರಿ ಬಂದಂತೆ ಲೆಕ್ಕಕ್ಕೆ ಸೇರಿದ್ದವು. ಅವಳು ಎಳೆದ ಅಷ್ಟೂ ಗೀಟು ವ್ಯರ್ಥ. ಆ ಹಲಗೆಗಳ ಮೇಲೆ ಕುಳಿತು ಅತ್ತೆ. ನಳಿಗೆಗಳನ್ನು ಅಲ್ಲೇ ಬಿಟ್ಟು ಬಂದೆ.

ಆಲ್ಕೊಳದಲ್ಲಿ ಬೇಸಾಯ ಮಾಡಿಕೊಂಡಿದ್ದ ಮಾವ ಮಗಳ ಟ್ರಂಕು ಒಯ್ಯಲು ಗಾಡಿ ಕಟ್ಟಿಕೊಂಡು ಬಂದರು.

"ನಿಮ್ಮ ಕೆಲ್ಸ ಆಯ್ತಾ?"

"ಇಲ್ಲ ಮಾವ. ಎಲ್ಲ ತಪ್ಪಾಗಿತ್ತು. ಅವಳು ಹೇಳಿದ್ಲು, ನಾನು ಕೇಳ್ಲಿಲ್ಲ."

ಅವರು ನನ್ನ ಮುಖ ನೋಡಲಿಲ್ಲ. "ಆ ಕಡೆ ಹಿಡ್ಕೊಳಿ," ಎಂದರಷ್ಟೆ. ಇಬ್ಬರೂ ಎತ್ತಿ ಗಾಡಿಗಿಟ್ಟೆವು. ಸವಳಂಗ ರಸ್ತೆಯಲ್ಲಿ ಗಾಡಿ ಮರೆಯಾಗುವವರೆಗೆ ನಿಂತಿದ್ದೆ. ಆಮೇಲೆ ಅವರು ಒಮ್ಮೆಯೂ ನಮ್ಮ ಮನೆಗೆ ಬರಲಿಲ್ಲ.