ಸುನಂದಾ ಹೇಳಿದ ಇಂಗ್ಲಿಷ್ ವಾಕ್ಯ

ಆಗೆಲ್ಲ ದಿನಕ್ಕೊಂದು ಇಂಗ್ಲಿಷ್ ಶಬ್ದ ಸಿಕ್ಕರೆ ನಮಗೆ ಹಬ್ಬ. ಜತ್ತ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪರಿಪಾಠ ಎಂಬ ಕಾರ್ಯಕ್ರಮ ಇರುತ್ತಿತ್ತು. ಸರದಿ ಬಂದವರು ಎಲ್ಲರ ಮುಂದೆ ನಿಂತು ಒಂದು ಹೊಸ ಶಬ್ದ, ಅದರ ಅರ್ಥ, ಅದನ್ನು ಬಳಸಿ ಒಂದು ವಾಕ್ಯ ಹೇಳಬೇಕು. ಏಳನೆಯ ತರಗತಿಯಲ್ಲಿ ಇಂಗ್ಲಿಷಿಗೆ ನಾನೇ ಶಾಣ್ಯಾಕಿ. ಕುರಿ ಕಾಯುವವರ ಮಗಳೆಂದು ಮೂಗು ಮುರಿಯುತ್ತಿದ್ದವರೂ ಸರದಿ ಬಂದಾಗ ನನ್ನ ಹಿಂದೆಯೇ ಸುತ್ತುತ್ತಿದ್ದರು.

ಕಿರಾಣಿ ಅಂಗಡಿಯವರ ಮಗಳು ಸುನಂದಾ ನನ್ನ ಜೀವದ ಗೆಳತಿ. ತನ್ನ ಸರದಿಯ ಹಿಂದಿನ ಸಂಜೆ ನಮ್ಮ ಮನೆಗೆ ಬಂದಳು. ಚಳಿಗಾಲ. ಹೊಸದಾಗಿ ಹುಟ್ಟಿದ ಕುರಿಮರಿಗಳನ್ನು ಥಂಡಿಗೆ ಹೊರಗೆ ಬಿಡುವ ರೂಢಿ ನಮ್ಮಲ್ಲಿಲ್ಲ. ಒಲೆಯ ಹತ್ತಿರ ಬುಟ್ಟಿಯಡಿ ಮುಚ್ಚಿಡುತ್ತಿದ್ದೆವು. ಹಾಲು, ಉಚ್ಚೆ, ಉಣ್ಣೆ, ಹೊಗೆ ಎಲ್ಲ ಬೆರೆತ ಬೆಚ್ಚನೆಯ ವಾಸನೆ. ನನಗಂತೂ ಮನೆಯ ವಾಸನೆ ಎಂದರೆ ಅದೇ. ಅವ್ವ ಆಕೆಗೆಂದೇ ರೊಟ್ಟಿ ಬಡಿದು ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿದಳು. ಸುನಂದಾ ಒಂದು ಮರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಎರಡು ರೊಟ್ಟಿ ತಿಂದಳು.

ನಾನು ಡಿಕ್ಷನರಿ ತಿರುವಿ ‘ಸ್ಕ್ವಾಲಿಡ್’ ಎಂಬ ಶಬ್ದ ಹುಡುಕಿಕೊಟ್ಟೆ.

“ಬರೇ ಹೊಲಸಲ್ಲ ಬೇ. ಬಡತನದಾಗ, ಯಾರೂ ನಿಗಾ ಮಾಡದ ಹೊಲಸ ಬಿದ್ದ ಜಾಗಾ,” ಎಂದು ಬಿಡಿಸಿ ಹೇಳಿ, ಹತ್ತು ಸಲ ಬಾಯಿಪಾಠ ಮಾಡಿಸಿದೆ. “ವಾಕ್ಯಾ ಮಾತ್ರ ನೀನಽ ಮಾಡು.”

ಮರುದಿನ ಸುನಂದಾ ಎಲ್ಲರ ಮುಂದೆ ತಡವರಿಸದೆ ಹೇಳಿದಳು: “ಮಾಯಕ್ಕಾಸ್ ಹೌಸ್ ಈಸ್ ಸ್ಕ್ವಾಲಿಡ್.”

ಮಾಯಕ್ಕ ಅಂದರೆ ನಾನು. ಮಕ್ಕಳ ಸಾಲಿನಲ್ಲಿ ಆ ವಾಕ್ಯ ತಿಳಿದದ್ದೂ ನನಗೊಬ್ಬಳಿಗೇ. ಸರ್ ಆದರೂ ಅಲ್ಲಿಗೇ ಬಿಡುತ್ತಾರೆಂದು ಅವರ ಮುಖ ನೋಡಿದೆ.

“ಶಾಬ್ಬಾಸ್! ಕನ್ನಡದಾಗ ಹೇಳು, ಎಲ್ಲಾರಿಗೂ ತಿಳೀಲಿ.”

“ಮಾಯಕ್ಕನ ಮನಿ ಹೊಲಸ ಐತ್ರಿ.”

ಇಡೀ ಶಾಲೆ ನಕ್ಕಿತು. ಮೇಲೆ ಚಪ್ಪಾಳೆ ಬೇರೆ ತಟ್ಟಿಸಿದರು, ಪುಣ್ಯಾತ್ಮ!

ಬಿಡುವಿನಲ್ಲಿ ಆಕೆಯನ್ನು ಹಿಡಿದು ನಿಲ್ಲಿಸಿದೆ. “ಯಾಕ ಹಂಗಂದಿ? ನೀ ಉಂಡ ಮನಿ ಅಲ್ಲೇನ ಅದು?”

“ಅಯ್ಯ, ಸಿಟ್ಟ್ಯಾಕ ಮಾಡ್ತಿ? ಸುಳ್ಳೇನ ಹೇಳೀನಿ? ನೀ ಅರ್ಥ ಹೇಳಿದ ಕೂಡ್ಲೆ ನಿಮ್ಮನೀನಽ ಕಣ್ಣಮುಂದ ಬಂತು.”

ಸಿಟ್ಟಿನಲ್ಲಿ ಬೈದಿದ್ದರೆ ಜಗಳಾಡಿ ಮರೆಯುತ್ತಿದ್ದೆ. ಮರಿಯನ್ನು ಮುದ್ದಾಡುತ್ತ, ರೊಟ್ಟಿ ಮುರಿಯುತ್ತ ಆಕೆ ನೋಡುತ್ತಿದ್ದದ್ದು ಇದನ್ನೇ! ಶುದ್ಧ ಮೋಸ ಅನ್ನಿಸಿತು. ಶಬ್ದ ಹುಡುಕಿಕೊಟ್ಟವಳೂ ನಾನೇ ಎಂದು ನೆನೆದು ಇನ್ನಷ್ಟು ಅಳು ಬಂತು.

ಸಂಜೆ ಅವ್ವ ಕೇಳಿದಳು: “ಸುನಂದಾ ಚಲೋ ಹೇಳಿದ್ಳೇನ?”

“ಹ್ಞೂಂ. ನಮ್ಮನಿ ಮ್ಯಾಲೇ ವಾಕ್ಯಾ ಮಾಡಿದ್ಳು.”

“ಹೌದಾ! ಏನಂದ್ಳವ್ವಾ?”

“ಭಾಳ ಚಲೋ ಮನಿ ಅಂದ್ಳು.”

ಅವ್ವನ ಮುಖ ಅರಳಿತು. ಓಣಿಗೆಲ್ಲ ಹೇಳಿಕೊಂಡು ಬಂದಳು.

ಈಗ ನಾನೇ ಜತ್ತದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಯ ನೆಲಕ್ಕೆ ಫರಸಿಕಲ್ಲು ಹಾಕಿಸಿದ್ದೇವೆ, ಹಿತ್ತಲಲ್ಲಿ ಕುರಿಗಳಿಗೆ ಪತ್ರಾಸ್ ತಗಡಿನ ಶೆಡ್ಡು. ಸುನಂದಾ ಆಗಾಗ ಫೋನು ಮಾಡುತ್ತಾಳೆ. ಆಕೆಗೆ ಆ ವಾಕ್ಯ ನೆನಪೇ ಇಲ್ಲ. ಆದರೆ ಅಂದಿನಿಂದ ನಾನು ಯಾವ ಗೆಳತಿಯನ್ನೂ ಮನೆಗೆ ಕರೆದಿಲ್ಲ. ಬರುತ್ತೇನೆಂದವರಿಗೆ ಏನಾದರೊಂದು ನೆಪ ಹೇಳುತ್ತೇನೆ. ಅವ್ವ ಮಾತ್ರ ಕೇಳುವುದನ್ನು ಬಿಟ್ಟಿಲ್ಲ.

“ಅಲ್ಲವ್ವಾ, ಅಷ್ಟು ಮಂದಿ ಪರಿಚಯ ನಿನಗ. ಉಣ್ಣಾಕ ಕರ್ಕೊಂಡ ಬರೂವಂಥಾಕಿ ಒಬ್ಬಾಕಿನೂ ಇಲ್ಲೇನ?”