ಸಿರುಗುಪ್ಪದ ಬಳುಕಿನ ತುಂಡು

೧೯೭೯ರ ಜನವರಿ ೧೬, ಮಂಗಳವಾರ. ದಿನಾಂಕವನ್ನು ಆ ವರ್ಷದ ನನ್ನ ದಿನಚರಿಯಿಂದ ತೆಗೆದುಕೊಂಡು, ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಬಸ್ ಟಿಕೆಟಿನ ಮೇಲಿನ ದರ ಮಾಸಿರುವುದರಿಂದ ಇಲ್ಲಿ ಕೊಟ್ಟಿಲ್ಲ. ನನ್ನ ಸಹಪಾಠಿ ಚನ್ನವೀರಯ್ಯ ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ಭೂಕಂಪ ತಾಳುವ ಉಕ್ಕಿನ ಚೌಕಟ್ಟನ್ನು ವಿನ್ಯಾಸ ಮಾಡಿದ್ದ. ಅದನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತಪ್ಪು ಸಿಗಲೆಂದು ಹಾರೈಸುತ್ತಲೇ ಬಳ್ಳಾರಿಯಲ್ಲಿ ಬೆಳಗಿನ ಬಸ್ಸು ಹತ್ತಿದೆ.

ಮೊದಲು ಇಳಿದದ್ದು ಕುರುಗೋಡಿನಲ್ಲಿ. ಸಿರುಗುಪ್ಪದಲ್ಲಿ ಅರ್ಧ ಚೌಕಟ್ಟು ಆಗಲೇ ಎದ್ದಿತ್ತು; ಉಳಿದ ಭಾಗಗಳು ಇಲ್ಲಿನ ಶೆಡ್ಡಿನಲ್ಲಿ ತಯಾರಾಗುತ್ತಿದ್ದವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಒಳಹೊಕ್ಕೆ. ಎರಡು ಕಂಬಗಳ ಬುಡದಿಂದ ಓರೆಯಾಗಿ ಏರಿದ ಕಂಬಿಗಳು ಮೇಲಿನ ತೊಲೆಯಲ್ಲಿ ಒಂದೇ ಬಿಂದುವಿಗೆ ಕೂಡಿರಲಿಲ್ಲ. ನಡುವೆ ಮೊಳದಷ್ಟು ತೊಲೆ ಬರಿದಾಗಿತ್ತು. ನನ್ನ ಎದೆ ಹಗುರಾಯಿತು.

“ಅಳತೆ ತಪ್ಪಿದಿರೇನು ಸಾಬರೇ?”

ವೆಲ್ಡರ್ ಖಾದರ್ ಸಾಬ್ ನಕ್ಕ. “ನಾವ್ಯಾಕ ತಪ್ಪೂನ್ರಿ? ಅದು ಬಳುಕಿನ ತುಂಡು. ನೆಲ ನಡುಗಿದ್ರ ಅದೊಂದಾ ಬಳುಕ್ಬೇಕು, ಕಂಬ ಗಟ್ಟಿ ನಿಲ್ಬೇಕು ಅಂತ ಚನ್ನವೀರಯ್ಯಾರು ಹೇಳ್ಯಾರ. ಇಷ್ಟು ಓದೀರಿ, ಗೊತ್ತಿಲ್ಲೇನ್ರಿ?”

ನೋಡಿದೊಡನೆ ಗೊತ್ತಾಗಬೇಕಿತ್ತು, ಅವನು ಹೇಳಿದ ಮೇಲೆ ಗೊತ್ತಾಯಿತು. ಕಂಬಿಗಳು ಒಂದೇ ಬಿಂದುವಿಗೆ ಕೂಡುವ ಚೌಕಟ್ಟುಗಳ ಮೇಲೆ ಆರು ವರ್ಷ ಬರೆದವನು ನಾನು; ಒತ್ತಡಕ್ಕೆ ಕಂಬಿ ಬಾಗಿಹೋಗುವುದನ್ನು ತಪ್ಪಿಸುವ ದಾರಿ ನನಗೆ ಸಿಕ್ಕಿರಲಿಲ್ಲ. ಚನ್ನವೀರಯ್ಯ ಮೊಳ ಜಾಗ ಬಿಟ್ಟು ಆ ತೊಡಕನ್ನು ದಾಟಿಬಿಟ್ಟಿದ್ದ. ಸಾಲದೆಂಬಂತೆ, ಬೆಸುಗೆಯವನ ಬಾಯಲ್ಲಿ ನಿಲ್ಲುವ ಹೆಸರನ್ನೂ ಇಟ್ಟಿದ್ದ. ನನ್ನ ಪ್ರಬಂಧಗಳ ಒಂದು ಪದವನ್ನೂ ಯಾವ ಶೆಡ್ಡಿನಲ್ಲಿಯೂ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಆ ಉರಿ ಸಿರುಗುಪ್ಪದವರೆಗೂ ಆರಲಿಲ್ಲ. ದಾರಿಯಲ್ಲಿ ಕಾಲುವೆ ನೀರು, ಭತ್ತದ ಗದ್ದೆ ಇದ್ದಿರಲೇಬೇಕು. ದಿನಚರಿಯಲ್ಲಿ ಒಂದನ್ನೂ ಬರೆದಿಲ್ಲ.

ಗಿರಣಿಯ ಯಜಮಾನ ಪಂಪನಗೌಡರು, ಅರ್ಧ ಎದ್ದಿದ್ದ ಚೌಕಟ್ಟಿನಡಿಯೇ ಮಜ್ಜಿಗೆ ಕೊಟ್ಟು ನೇರವಾಗಿ ಕೇಳಿದರು:

“ನಮ್ಮ ಹಮಾಲ್ರು, ‘ಗೌಡ್ರ, ಕಂಬಿ ಎರಡೂ ಮುನಿಸ್ಕೊಂಡಾವ’ ಅಂತ ನಗ್ತಾರ. ಈ ಸಂದು ಇರ್ಲೋ, ಮುಚ್ಚಸ್ಲೋ? ನೀವು ಅಂದಂಗ ಆಗ್ತೈತ್ರಿ.”

“ಇರಲಿ, ಇದೇ ಸರಿ” ಎಂದೆನೆಂದೂ, ಸಂಜೆಯ ಬಸ್ಸಿನ ಕಿಟಕಿಯಿಂದ ಆ ಚೌಕಟ್ಟನ್ನು ಹೊರಳಿ ನೋಡಿದೆನೆಂದೂ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆ. ಹಲವರ ಮುಂದೆ ಹೇಳಿಯೂ ಇದ್ದೇನೆ. ಈ ಬರಹಕ್ಕಾಗಿ ಗಿರಣಿಯ ಕಟ್ಟಡ ಕೆಲಸದ ಪುಸ್ತಕವನ್ನು ತರಿಸಿ ನೋಡಿದೆ. ಅದೇ ದಿನಾಂಕದ ಪುಟದಲ್ಲಿ ಹೀಗಿದೆ: “ಸಂದು ವಿನ್ಯಾಸಕಾರರ ದೋಷ. ಕಂಬಿಗಳನ್ನು ಕೂಡಿಸಿ ಬೆಸೆಯತಕ್ಕದ್ದು.” ಅಕ್ಷರ ನನ್ನದು.