ಮಾವನವರ ಗುಪ್ತಿ

ಊರುಗೋಲನ್ನು ಒರೆಸುವಾಗ ಬಟ್ಟೆಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ನೀವು ಗಮನಿಸಿರಲಾರಿರಿ. ಗಮನಿಸಬೇಕಾದ ಅಗತ್ಯವೂ ಇಲ್ಲ. ನಮ್ಮ ಡೊಂಬಿವಲಿಯ ಮನೆಯಲ್ಲಿ ಮಾವನವರ ಕೋಲಿನ ಹಿಡಿಯ ಕೆಳಗೆ ಕೂದಲೆಳೆಯಂಥ ಗೆರೆಯೊಂದಿತ್ತು. ಇಪ್ಪತ್ತೆರಡು ವರ್ಷ ಅದನ್ನು ಒರೆಸಿಯೂ ಬಡಗಿಯ ಅಲಂಕಾರವೆಂದೇ ನಂಬಿದ್ದ ನನ್ನ ಸೂಕ್ಷ್ಮದೃಷ್ಟಿಯ ಬಗ್ಗೆ ಹೆಚ್ಚು ಹೇಳದಿರುವುದೇ ಕ್ಷೇಮ.

ಈ ಸಲದ ಆಯುಧಪೂಜೆಯಂದು ಈಳಿಗೆಮಣೆ, ಕತ್ತರಿ, ಮಿಕ್ಸರ್‌ಗಳಿಗೆಲ್ಲ ಕುಂಕುಮ ಹಚ್ಚುತ್ತಿದ್ದೆ. ಉಡುಪಿಯಿಂದ ಬಂದು ನಲವತ್ತು ವರ್ಷ ಹೋಟೆಲು ನಡೆಸಿ, ಈಗ ಎಂಬತ್ತಮೂರರಲ್ಲಿ ವಿಶ್ರಾಂತಿಯಲ್ಲಿರುವ ಮಾವ ತಮ್ಮ ಕೋಲನ್ನೂ ಸಾಲಿನಲ್ಲಿಟ್ಟರು.

"ಇದಕ್ಕೂ ಒಂದು ಬೊಟ್ಟು ಇಡು ಮಗಾ. ಇದು ಗುಪ್ತಿ."

ಗುಪ್ತಿ ಎಂದರೆ ಕೋಲಿನ ಹೊಟ್ಟೆಯಲ್ಲಿ ಅಡಗಿರುವ ಸಪೂರ ಕತ್ತಿ. ಕಡಿಯಲು ಒದಗದು, ತಿವಿಯಲಷ್ಟೇ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕತ್ತಿಗಳ ಇಂಗ್ಲಿಷ್ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಈ ಹಳೆಯ ಪದ ಮಾತ್ರ ಐವತ್ತರ ಹೊಸ್ತಿಲಲ್ಲಿ, ಅರಸಿನ ಕುಂಕುಮದ ಬಟ್ಟಲ ಪಕ್ಕದಲ್ಲಿ ನನಗೆ ಪರಿಚಯವಾಯಿತು.

ನನ್ನವರು ಬೆಚ್ಚಿದರು. "ಅಪ್ಪ, ಇದನ್ನು ಹಿಡ್ಕೊಂಡು ಲೋಕಲ್ ಟ್ರೇನ್‌ನಲ್ಲಿ ಓಡಾಡಿದ್ರಾ? ಪೊಲೀಸ್ ಹಿಡಿದ್ರೆ ಬಿಡಿಸ್ಲಿಕ್ಕೆ ನಾನು ಹಾಫ್ ಡೇ ರಜೆ ಹಾಕ್ಬೇಕು."

ಗುಪ್ತಿ ಕಪಾಟು ಸೇರಿತು. ಬದಲಿಗೆ ನಾಲ್ಕು ಕಾಲಿನ ಅಲ್ಯೂಮಿನಿಯಂ ಕೋಲು ಬಂತು.

"ಅದು ಮುದುಕರಿಗೆ ಆಯ್ತು, ನನಗೆ ಯಾಕೆ?" ಎಂದ ಮಾವ ಸಂಜೆಯ ವಾಕಿಂಗನ್ನೇ ನಿಲ್ಲಿಸಿದರು. ಹತ್ತು ದಿನಗಳಲ್ಲಿ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯತೊಡಗಿದರು. ಹೀಗೇ ಬಿಟ್ಟರೆ ಆ ಕಾಲುಗಳು ಮತ್ತೆ ಮೆಟ್ಟಿಲಿಳಿಯುವುದಿಲ್ಲವೆಂದು ನನಗೆ ಹೆದರಿಕೆಯಾಯಿತು. ಕತ್ತಿ ತೆಗೆಸಿ ಕೋಲನ್ನಷ್ಟೇ ಉಳಿಸಿಕೊಳ್ಳೋಣವೆಂದು ಇಬ್ಬರನ್ನೂ ಒಪ್ಪಿಸಿ, ಮಾವನವರನ್ನು ರಿಕ್ಷಾದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಮಾವ ಕೋಲಿನ ಹಿಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕೂತಿದ್ದರು.

ಕೆಲಸದವನು ಕೋಲನ್ನು ಬಿಗಿದು ಹಿಡಿ ತಿರುಗಿಸಿದ. ನಾಲ್ಕು ಬೆರಳುದ್ದದ ತುಕ್ಕಿನ ತುಂಡು ಹೊರಬಂತು; ಮುಂದೆ ಬರೀ ಟೊಳ್ಳು. "ಆಜೋಬಾ, ಯಾತ ಕಾಹೀಚ್ ನಾಹೀ," ಎಂದ ಅವನು, ಇದರಲ್ಲಿ ಏನೂ ಇಲ್ಲವಲ್ಲ ಅಜ್ಜ ಎಂದು.

"ಗೊತ್ತಿತ್ತಾ ಮಾವ?" ಎಂದೆ.

"ಮುರಿದು ಮೂವತ್ತು ವರ್ಷ ಆಯ್ತು," ಎಂದರು, ಲೇತಿನ ಕಡೆ ನೋಡುತ್ತ. "ನನಗೆ ಗೊತ್ತಿತ್ತು. ಬೇರೆಯವರಿಗೆ ಯಾಕೆ?"

ಹಿಡಿಯನ್ನು ಮೊದಲಿನಂತೆಯೇ ಕೂರಿಸಿಕೊಡಲು ಹೇಳಿದೆ.

ಸಂಜೆ ಆಫೀಸಿನಿಂದ ಬಂದ ನನ್ನವರು ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಕತ್ತಿ ಎಷ್ಟು ಉದ್ದ ಇತ್ತು?"

ಮಾವ ಕೆಳಗೆ ಹೋಗಲು ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು.

ನಾನು ಎರಡೂ ಕೈಗಳನ್ನು ಅಗಲಿಸಿ ಇಷ್ಟು ಎಂದು ತೋರಿಸಿದೆ. ಮಾವ ಒಮ್ಮೆ ನೋಡಿದರು. ನಾನು ಇನ್ನೂ ಸ್ವಲ್ಪ ಅಗಲಿಸಿದೆ.